ದಕ್ಷಿಣೆಯಿಲ್ಲದ ಯಜ್ಞ

ಹೊಳನಗದ್ದೆಯ ಕಡಲಂಚನ್ನು ಬಿಟ್ಟು, ಕುಮಟೆಯನ್ನು ಹಾದು, ದೇವಿಮನೆ ಘಟ್ಟವನ್ನೇರಿ, ಶಿರಸಿಯ ಅಡಕೆ ತೋಟಗಳಾಚೆ ಯಲ್ಲಾಪುರದ ಅರಣ್ಯದ ಕಡೆಗೆ ಸಾಗುವವನಿಗೆ, ಆಫ್ರಿಕಾ ಖಂಡದಿಂದ ಬಂದ ಜನರ ಸಂಗೀತವೊಂದು ನಮ್ಮದೇ ಉತ್ತರ ಕನ್ನಡ ಜಿಲ್ಲೆಯಲ್ಲಿ ತಲೆಮಾರುಗಳಿಂದ ಬಾಳಿಕೊಂಡು ಬಂದಿರುವುದು ಗೋಚರವಾಗುತ್ತದೆ. ಪೋರ್ಚುಗೀಸರ ಕಾಲದಲ್ಲಿ ಗೋವೆಗೆ ದಾಸರಾಗಿ ತರಲ್ಪಟ್ಟು, ಆ ದಾಸ್ಯವನ್ನು ಒಲ್ಲದೆ ಕಾಡು ಸೇರಿದವರ ಸಂತತಿಯೆಂದು ಹೇಳಲಾಗುವ ಸಿದ್ದಿಗಳು ಹಿಂದೂ, ಮುಸಲ್ಮಾನ, ಕ್ರೈಸ್ತರೆಂದು ಮೂರು ಮತಗಳಲ್ಲಿ ಹಂಚಿಹೋಗಿರುವರಾದರೂ ಅವರ ಡಮಾಮಿ ಎಂಬ ಚರ್ಮವಾದ್ಯದ ನಾದ ಮೂರಕ್ಕೂ ಸಲ್ಲುವಂಥದು.

ಇಂಥ ಸಂಗೀತಕ್ಕೆ ಬೆಲೆ ಕಟ್ಟಬಹುದೇ ಎಂಬ ಪ್ರಶ್ನೆಯನ್ನು ಸಜ್ಜನರೇ ಎತ್ತುತ್ತಾರೆ; ಹಿರಿಯರ ಸ್ಮರಣೆಯೊಡನೆ ಬೆಸೆದ ನಾದವನ್ನು ಹಣದಿಂದ ಅಳೆದರೆ ಅದರ ಪಾವಿತ್ರ್ಯ ಕೆಡುವುದೆಂಬುದು ಅವರ ಅಳಲು. ಆ ಅಳಲಿನಲ್ಲಿ ಸತ್ಯಾಂಶವಿದೆ. ಆದರೆ ಉತ್ಸವದ ಶಾಮಿಯಾನಕ್ಕೂ ಧ್ವನಿವರ್ಧಕಕ್ಕೂ ಬಾಡಿಗೆ ತೆರುವ ಕೈ, ಡಮಾಮಿ ಬಾರಿಸಿದವನ ಮುಂದೆ ಬಂದಾಗ ಮಾತ್ರ ಅದು ಅಮೂಲ್ಯವೆಂದು ಕೊಂಡಾಡಿ ಹಿಂದೆಗೆಯುವುದಾದರೆ, ಆ ಪಾವಿತ್ರ್ಯದ ವ್ಯಯವನ್ನೆಲ್ಲ ಹಾಡುವವನೊಬ್ಬನೇ ಹೊತ್ತಂತಾಯಿತು. ನಮ್ಮ ಧರ್ಮಗ್ರಂಥಗಳು ಯಜ್ಞವನ್ನು ಶ್ರೇಷ್ಠ ಕರ್ಮವೆಂದು ಹೇಳಿಯೂ, ದಕ್ಷಿಣೆಯಿಲ್ಲದೆ ಅದು ಪೂರ್ಣವಾಗದೆಂದು ವಿಧಿಸಿದವು; ದಕ್ಷಿಣೆ ಮಂತ್ರದ ಕ್ರಯವಲ್ಲ, ಯಜಮಾನನು ತೀರಿಸಲೇಬೇಕಾದ ಋಣ. ಶರಣರ ಕಥೆಯನ್ನೂ ನಾವು ಅರ್ಧವಷ್ಟೇ ನೆನೆಯುತ್ತೇವೆ: ಗಂಡ ಆಯ್ದು ತಂದ ಹೆಚ್ಚಿನ ಅಕ್ಕಿಯನ್ನು ಹಿಂದಿರುಗಿಸಿ ಬರುವಂತೆ ಆಯ್ದಕ್ಕಿ ಲಕ್ಕಮ್ಮ ಹೇಳಿದಳೆಂದು ಕೊಂಡಾಡುವ ನಾವು, ತಕ್ಕಷ್ಟನ್ನು ಪಡೆಯುವುದೂ ಆಕೆಗೆ ಕಾಯಕದ ಅಂಗವೇ ಆಗಿತ್ತೆಂಬುದನ್ನು ಗಮನಿಸುವುದಿಲ್ಲ.

ಈ ಋಣ ತೀರದೆ ಉಳಿದರೆ ಏನಾಗುವುದೆಂಬುದಕ್ಕೆ ದಕ್ಷಿಣ ಆಫ್ರಿಕೆಯ ಸಾಲೊಮನ್ ಲಿಂಡಾನ ಬಾಳು ಸಾಕ್ಷಿ. ಆ ಜುಲು ಗಾಯಕನು 1939ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ಧ್ವನಿಮುದ್ರಿಸಿದ ‘ಎಂಬೂಬೆ’ ಎಂಬ ಹಾಡು ಅಮೆರಿಕಕ್ಕೆ ಹೋಗಿ, ಬೇರೆ ಹೆಸರು ತಾಳಿ, ಲೋಕವನ್ನೆಲ್ಲ ಸುತ್ತಿ, 1994ರ ‘ಲಯನ್ ಕಿಂಗ್’ ಚಿತ್ರದವರೆಗೆ ಅಪಾರ ಸಂಪತ್ತನ್ನು ತಂದಿತಾದರೂ, ಅದನ್ನು ಕಟ್ಟಿದವನು 1962ರಲ್ಲಿ ಬಡವನಾಗಿಯೇ ತೀರಿಕೊಂಡನು. ಆತನ ಹೆಣ್ಣುಮಕ್ಕಳಿಗೆ ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ, 2006ರಲ್ಲಿ, ರಾಜಿಯ ಮೂಲಕ ಪಾಲು ದೊರೆಯಿತು.

ಲಿಂಡಾನಿಗೆ ತನ್ನದೆಂದು ತೋರಿಸಲು ಒಂದು ಹಾಡಾದರೂ ಇತ್ತು. ಸಿದ್ದಿಗಳ ಹಾಡುಗಳೋ ಇಡೀ ಸಮುದಾಯದವು. 1957ರ ಗ್ರಂಥಸ್ವಾಮ್ಯ ಕಾಯಿದೆಗೆ 2012ರಲ್ಲಿ ಬಂದ ತಿದ್ದುಪಡಿ ಚಲನಚಿತ್ರಗಳ ಕವಿಗೂ ಸಂಗೀತಗಾರನಿಗೂ ರಾಯಧನವನ್ನು ಉಳಿಸಿಕೊಟ್ಟಿದೆ, ಪ್ರದರ್ಶಕನಿಗೂ ಕೆಲವು ಹಕ್ಕುಗಳಿವೆ. ಆದರೆ ಕೃತಿಗೆ ಕರ್ತೃವೆಂದು ಕಾಯಿದೆ ಅರಸುವುದು ವ್ಯಕ್ತಿಯನ್ನು, ಕೇರಿಯನ್ನಲ್ಲ. ಆದುದರಿಂದ ಕೇರಿಯಲ್ಲಿ ಹುಟ್ಟಿದ ಧಾಟಿಯನ್ನು ಯಾರು ಎತ್ತಿಕೊಂಡು ಹೋದರೂ ಅವರನ್ನು ಕೇಳುವವರಿಲ್ಲ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದುದು ದೊಡ್ಡ ನ್ಯಾಯವೇ ಸರಿ. ಅದರಿಂದ ಶಾಲೆಯ ಬಾಗಿಲು ತೆರೆಯಿತು, ಉದ್ಯೋಗದ ಬಾಗಿಲು ತೆರೆಯಿತು, ಆದರೆ ಡಮಾಮಿಗೆ ಅದರಲ್ಲಿ ಯಾವ ಪಾಲೂ ಇಲ್ಲ.

ಕಾಯಿದೆ ಬದಲಾಗುವವರೆಗೆ ಕಾಯಬೇಕಾಗಿಲ್ಲ. ಉತ್ಸವಕ್ಕೆ ಕರೆಯುವವರು ಕರೆಯುವ ಮೊದಲೇ ಸಂಭಾವನೆಯನ್ನು ಗೊತ್ತುಮಾಡಲಿ. ಧ್ವನಿಮುದ್ರಿಸುವವರು ಕೇರಿಯ ಹಿರಿಯರೊಡನೆ ಬರಹದಲ್ಲಿ ಒಪ್ಪಂದ ಮಾಡಿಕೊಂಡು, ಹಾಡಿದವರ ಹೆಸರನ್ನು ಮುದ್ರಿಸಿ, ಮುಂದೆ ಬರುವ ಆದಾಯದಲ್ಲಿ ಪಾಲು ಕೊಡಲಿ. ಹುಡುಗರಿಗೆ ಬಾರಿಸಲು ಕಲಿಸುವ ಮುದುಕನಿಗೆ, ತೋಟದ ಕೂಲಿಯನ್ನು ಬಿಟ್ಟು ಬಂದ ಆ ದಿನದ ಮಟ್ಟಿಗಾದರೂ, ಶಾಲೆಯ ಉಪಾಧ್ಯಾಯನಿಗೆ ಸಲ್ಲುವಷ್ಟು ವೇತನ ಸಲ್ಲಲಿ.