ಆತ್ಮಸ್ತುತಿಯೂ ಆತ್ಮಪರಿಚಯವೂ

ತನ್ನನ್ನು ತಾನೇ ಹೊಗಳಿಕೊಳ್ಳುವವನನ್ನು ಕಂಡರೆ ನಮ್ಮವರಿಗೆ ಮೊದಲಿನಿಂದಲೂ ಆಗದು. ಕರ್ಣಪರ್ವದಲ್ಲಿ, ಅಣ್ಣನನ್ನು ನಿಂದಿಸಿದ ಪಶ್ಚಾತ್ತಾಪದಿಂದ ಪ್ರಾಣಬಿಡಲು ಹೊರಟ ಅರ್ಜುನನಿಗೆ ಕೃಷ್ಣನು ಹೇಳಿದ ಉಪಾಯ ಪ್ರಸಿದ್ಧವಾದದ್ದು: ನಿನ್ನ ಗುಣಗಳನ್ನು ನೀನೇ ಕೊಂಡಾಡಿಕೊ, ಅದೇ ಆತ್ಮಹತ್ಯೆಗೆ ಸಮ. ಈ ಕತೆಯನ್ನು ತರಗತಿಯಲ್ಲಿ ಎಷ್ಟೋ ವರ್ಷ ರಸವತ್ತಾಗಿ ಹೇಳಿದ್ದೇನೆ. ಹೇಳಿದ ಪಾಠ ನನಗೇ ತಿರುಗಿ ಬಂದೀತೆಂದು ಎಣಿಸಿರಲಿಲ್ಲ.

ಹೋದ ತಿಂಗಳು ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಬಿ.ಕಾಂ. ಮುಗಿಸಿ ಎರಡು ವರ್ಷವಾಗಿತ್ತು, ಕೆಲಸ ಸಿಕ್ಕಿರಲಿಲ್ಲ. ಫೋನಿನಲ್ಲಿ ತನ್ನ ಲಿಂಕ್ಡ್‌ಇನ್ ಪುಟವನ್ನು ತೋರಿಸಿದ. ಹೆಸರು, ಊರು, ಪದವಿ. ಅದರ ಕೆಳಗೆ ಬರೀ ಬಯಲು.

"ಓದುತ್ತಿದ್ದಾಗ ಮೂರು ವರ್ಷ ರಾತ್ರಿ ಹೊತ್ತು ದಿನಸಿ ಅಂಗಡಿಯ ಲೆಕ್ಕ ಬರೆದೆಯಲ್ಲ, ಅದೆಲ್ಲಿ?" ಎಂದೆ.

"ಅದನ್ನೆಲ್ಲ ನಾನೇ ಹೇಳಿಕೊಳ್ಳೋದು ಹೇಗೆ ಸಾರ್? ಆತ್ಮಸ್ತುತಿ ಸಾವಿಗೆ ಸಮ ಅಂತ ನೀವೇ ಹೇಳಿದ್ರಿ."

ನಾನು ಕಾಫಿ ಕುಡಿಯುವ ನೆಪದಲ್ಲಿ ಸುಮ್ಮನಾದೆ. ನನಗೆ ಕೆಲಸ ಸಿಕ್ಕ ಬಗೆ ನೆನಪಾಗಿತ್ತು. ಅಂದು ನಾನು ಬಾಯಿ ಬಿಡಬೇಕಾಗಿರಲಿಲ್ಲ. ನನ್ನ ಗುರುಗಳು ಆಡಳಿತ ಮಂಡಳಿಯವರೊಬ್ಬರಿಗೆ ಕಾಗದ ಬರೆದಿದ್ದರು. ಸಂದರ್ಶನದ ದಿನ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕುಳಿತಿದ್ದವನಿಗೆ ಅಂಥ ಕಾಗದ ಬರೆಯುವವರು ಇರಲಿಲ್ಲ. ನಾನು ವಿನಯವಂತನೆನಿಸಿಕೊಂಡೆ. ಹೊಗಳಲು ಇನ್ನೊಬ್ಬರಿರುವಾಗ ವಿನಯವೇನು ಕಷ್ಟವೆ?

ಅರ್ಜುನನ ಕೀರ್ತಿಯನ್ನು ಹಾಡಲು ಲೋಕವೇ ಇತ್ತು. ಅವನೇ ಹಾಡಿಕೊಂಡರೆ ಅದು ಸ್ತುತಿ. ಯಾರೂ ಅರಿಯದವನು ತಾನು ಮಾಡಿದ್ದನ್ನು ಹೇಳಿಕೊಂಡರೆ ಅದು ಪರಿಚಯ ಮಾತ್ರ. ಕೆಲಸದ ಸುದ್ದಿ ಆಪ್ತರಿಗಿಂತ ಹೆಚ್ಚಾಗಿ ದೂರದ ಪರಿಚಯಸ್ಥರಿಂದ ಬರುತ್ತದೆಂಬ ವಾದವನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ 1973ರಲ್ಲಿ ಮುಂದಿಟ್ಟರು. ಲಿಂಕ್ಡ್‌ಇನ್ನಿನ ಸುಮಾರು 2 ಕೋಟಿ ಬಳಕೆದಾರರನ್ನೊಳಗೊಂಡು 2022ರಲ್ಲಿ ಪ್ರಕಟವಾದ ಅಧ್ಯಯನವೂ ಬಹುಮಟ್ಟಿಗೆ ಅದನ್ನೇ ಎತ್ತಿಹಿಡಿಯಿತು. ಊರಾಚೆ ಯಾರನ್ನೂ ಅರಿಯದ ಹುಡುಗನಿಗೆ ಅಂಥ ಪರಿಚಯ ಎಲ್ಲಿಂದ ಬರಬೇಕು? ಅವನ ಮಟ್ಟಿಗೆ ಆ ಪುಟ, ದಾರಿಹೋಕರ ಕಣ್ಣಿಗೆ ಬೀಳುವಂತೆ ಕುಳಿತುಕೊಳ್ಳಲು ಸಿಕ್ಕಿದ ಒಂದು ಜಗಲಿ.

ಹಾಗೆಂದು ಆ ಜಗಲಿಯಲ್ಲಿ ನ್ಯಾಯವೇ ನಡೆಯುತ್ತದೆಂದಲ್ಲ. ಬಿಲ್ಲಿನ ಬಲವನ್ನು ಕಣ್ಣಾರೆ ಕಂಡ ಮೇಲೂ ಕೃಪನು ಕರ್ಣನನ್ನು ಕೇಳಿದ್ದು ಕುಲವನ್ನು. ಪುಟದ ನೆತ್ತಿಯ ಮೇಲೆ ಹೆಸರೂ ಮುಖವೂ ಇರುವಾಗ ಆ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಬೇಕಾಗಿಯೂ ಇಲ್ಲ. ಸುಖದೇವ ಥೋರಟ್ ಮತ್ತು ಪಾಲ್ ಅಟ್ಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ನೆನಪಾಗುತ್ತದೆ. ನಮ್ಮ ದೇಶದ ಖಾಸಗಿ ಸಂಸ್ಥೆಗಳಿಗೆ ಒಂದೇ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಕಳಿಸಿದಾಗ, ದಲಿತರ ಮತ್ತು ಮುಸಲ್ಮಾನರ ಹೆಸರುಗಳಿಗೆ ಕರೆ ಬರುವ ಸಂಭವ ಕಡಿಮೆಯಾಗಿತ್ತು. ಬರೆಯುವವನು ಸತ್ಯವಂತನಾದರೆ ಸಾಲದು; ಓದುವವನೂ ಧರ್ಮವಂತನಾಗಬೇಕು.

ಓದುವವರ ಧರ್ಮ ನನ್ನ ಕೈಯಲ್ಲಿಲ್ಲ. ಬರೆಯುವುದು ಇತ್ತು. ಹುಡುಗನೂ ನಾನೂ ಕುಳಿತು, ಎಷ್ಟು ವರ್ಷ, ಯಾವ ಲೆಕ್ಕ, ಏನೇನು ಜವಾಬ್ದಾರಿ ಎಂದು ನಾಲ್ಕು ವಾಕ್ಯ ಬರೆದೆವು, ವಿಶೇಷಣಗಳನ್ನು ಸೇರಿಸಲಿಲ್ಲ. ಬಲ್ಲವರು ಶಿಫಾರಸು ಬರೆಯಲು ಅಲ್ಲಿ ಒಂದು ಜಾಗವಿದೆ. ಅದಕ್ಕಾಗಿ ನಾನೂ ಖಾತೆ ತೆರೆದೆ. "ಅಸಾಧಾರಣ ಪ್ರತಿಭಾವಂತ" ಎಂದು ಬರೆದು, ಅಳಿಸಿದೆ. ಅವನ ಅಂಕಗಳು ಸಾಧಾರಣ. ಬದಲಿಗೆ ಕಂಡದ್ದನ್ನು ಬರೆದೆ: "ರಾತ್ರಿ ಅಂಗಡಿಯಲ್ಲಿ ದುಡಿಯುತ್ತಿದ್ದ ಈತ, ಮೂರು ವರ್ಷದಲ್ಲಿ ಬೆಳಗಿನ ಮೊದಲ ತರಗತಿಗೆ ಒಂದು ದಿನವೂ ತಡವಾಗಿ ಬರಲಿಲ್ಲ."

ಅವನಿಗೆ ಕೆಲಸ ಇನ್ನೂ ಸಿಕ್ಕಿಲ್ಲ. ಆ ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತಿದ್ದವನ ಹೆಸರನ್ನು ನಾನು ಕೇಳಿರಲೂ ಇಲ್ಲವೆಂಬುದು ಮಾತ್ರ ಈಚೆಗೆ ಆಗಾಗ ನೆನಪಿಗೆ ಬರುತ್ತದೆ.