ವೈದ್ಯನ ದೇಹವೂ ಅಮಾನತು

ಅನ್ಯರ ವ್ಯಾಧಿಯನ್ನು ಪರಿಹರಿಸತಕ್ಕವನೇ ದೀರ್ಘವ್ಯಾಧಿಗೆ ತುತ್ತಾದರೆ ಅವನ ಕರ್ತವ್ಯವೇನು? ಅವನು ವೃತ್ತಿಯನ್ನು ತ್ಯಜಿಸಬೇಕೆ, ಅಥವಾ ದೇಹವನ್ನು ಲೆಕ್ಕಿಸದೆ ದುಡಿಯಬೇಕೆ? ಈ ಪ್ರಶ್ನೆಯು ಸಕಲ ಮತಸ್ಥರಿಗೂ ಸಮಾನವಾದುದೇ ಸರಿ. ಆದರೂ ಇಸ್ಲಾಮೀ ಲೋಕದ ವೈದ್ಯಚರಿತ್ರೆಯಲ್ಲಿಯೂ ಧರ್ಮಶಾಸ್ತ್ರದಲ್ಲಿಯೂ ಇದರ ವಿಚಾರಕ್ಕೆ ವಿಶೇಷ ಸಾಮಗ್ರಿಯುಂಟು.

ಬುಖಾರಾ ನಗರದ ಸಮೀಪದಲ್ಲಿ 980ರಲ್ಲಿ ಜನಿಸಿದ ಇಬ್ನ್ ಸೀನಾನ ಹೆಸರನ್ನು ಕೇಳದವರು ವಿರಳ. ಅವನ ‘ಕಾನೂನ್’ ಎಂಬ ವೈದ್ಯಗ್ರಂಥವು ಯೂರೋಪಿನ ವಿದ್ಯಾಪೀಠಗಳಲ್ಲಿಯೂ ಶತಮಾನಗಳ ಕಾಲ ಪಾಠವಾಗಿದ್ದಿತು. ಇಂತಹವನನ್ನೇ ಕಡೆಗಾಲದಲ್ಲಿ ಶೂಲೆಯು ಬಾಧಿಸಿತು. ಆಗ ಅವನು ತನ್ನ ಆಶ್ರಯದಾತನಾದ ಅಲಾ ಉದ್ದೌಲನ ದಂಡಿನೊಡನೆ ಸಂಚರಿಸುತ್ತಿದ್ದನು. ಸೈನ್ಯವು ಹಿಮ್ಮೆಟ್ಟಿದರೆ ರೋಗಿಯಾದ ತಾನು ಹಿಂದುಳಿದೇನೆಂಬ ಭಯದಿಂದ ಅವನು ಒಂದೇ ದಿನದಲ್ಲಿ ಎಂಟು ಸಲ ಬಸ್ತಿಚಿಕಿತ್ಸೆಯನ್ನು ಮಾಡಿಸಿಕೊಂಡನೆಂದೂ, ಅದರಿಂದ ಕರುಳು ಹುಣ್ಣಾಯಿತೆಂದೂ ಶಿಷ್ಯನಾದ ಜೂಜ್ಜಾನಿಯು ಬರೆದಿಟ್ಟಿರುವನು. ಅವನು ಪೂರ್ಣವಾಗಿ ಚೇತರಿಸಿಕೊಳ್ಳಲೇ ಇಲ್ಲ. 1037ರಲ್ಲಿ ಹಮದಾನಿನಲ್ಲಿ, ದೇಹವನ್ನಾಳುವ ಶಕ್ತಿಯೇ ಕುಂದಿತೆಂದರಿತು, ಔಷಧವನ್ನು ನಿಲ್ಲಿಸಿ ತೀರಿಕೊಂಡನು. ಪರರಿಗೆ ತಾಳ್ಮೆಯನ್ನು ವಿಧಿಸುವ ವೈದ್ಯನು ತನ್ನ ವಿಷಯದಲ್ಲಿ ಆತುರಪಟ್ಟನು.

ಅವನಿಗಿಂತ ಸುಮಾರು ನೂರು ವರ್ಷ ಹಿಂದಿನವನಾದ ಅಲ್ ರಾಝಿಯು ರಯ್ ಮತ್ತು ಬಾಗ್ದಾದ್ ನಗರಗಳ ಆಸ್ಪತ್ರೆಗಳಿಗೆ ಮುಖ್ಯನಾಗಿದ್ದವನು. ಒಂದು ಮಹಾಗ್ರಂಥಕ್ಕಾಗಿ ಹದಿನೈದು ವರ್ಷ ಹಗಲಿರುಳು ದುಡಿದುದರಿಂದ ಕಣ್ಣು ಮಂದವಾಯಿತೆಂದೂ, ಕೈಯ ಸ್ನಾಯುವು ಕೆಟ್ಟಿತೆಂದೂ ಅವನೇ ಹೇಳಿಕೊಂಡಿದ್ದಾನೆ. ಹಾಗೆಂದು ಅವನು ವಿದ್ಯೆಯನ್ನು ಬಿಡಲಿಲ್ಲ. ಓದುವುದಕ್ಕೂ ಬರೆಯುವುದಕ್ಕೂ ಅನ್ಯರ ನೆರವನ್ನು ಪಡೆದನು. ತನ್ನ ಕುಂದನ್ನು ಮರೆಮಾಚದೆ ಒಪ್ಪಿಕೊಂಡುದರಿಂದಲೇ ಅವನ ಕಾರ್ಯವು ಮುಂದುವರಿಯಿತು.

ಇಸ್ಲಾಮಿನ ದೃಷ್ಟಿಯಲ್ಲಿ ದೇಹವು ಮನುಷ್ಯನ ಸ್ವಂತ ಸೊತ್ತಲ್ಲ. ದೇವರು ಒಪ್ಪಿಸಿದ ಅಮಾನತು. ಆದುದರಿಂದಲೇ ರೋಗಿಗೆ ರಂಜಾನಿನ ಉಪವಾಸದಿಂದ ಕುರಾನೇ ವಿನಾಯಿತಿಯನ್ನು ಕೊಟ್ಟಿದೆ. ನಿಲ್ಲಲಾರದವನು ಕುಳಿತು, ಕುಳಿತಿರಲಾರದವನು ಮಲಗಿ ನಮಾಜು ಮಾಡಬಹುದು. ಈ ವಿನಾಯಿತಿಗೆ ‘ರುಖ್ಸತ್’ ಎಂದು ಹೆಸರು. ಇದು ಧರ್ಮದಿಂದ ಜಾರಿಕೊಳ್ಳುವ ಉಪಾಯವಲ್ಲ. ಧರ್ಮದ ಒಂದು ಅಂಗವೇ ಆಗಿದೆ. ಗುಣವಾಗುವ ರೋಗವಾದರೆ ಬಿಟ್ಟ ಉಪವಾಸವನ್ನು ಮುಂದೆ ಪೂರೈಸಬೇಕು. ಗುಣವಾಗುವ ಆಸೆಯೇ ಇಲ್ಲದಿದ್ದರೆ, ಶಕ್ತನಾದವನು ಬಿಟ್ಟ ದಿನವೊಂದಕ್ಕೆ ಒಬ್ಬ ಬಡವನಿಗೆ ಅನ್ನವಿಕ್ಕಬೇಕು. ಒಂದು ಬಗೆಯಿಂದ ಆಗದುದನ್ನು ಇನ್ನೊಂದು ಬಗೆಯಿಂದ ಸಲ್ಲಿಸಬೇಕೆಂಬುದೇ ಇದರ ತಾತ್ಪರ್ಯ.

ಈಗ ಮಧುಮೇಹಪೀಡಿತನಾದ ಒಬ್ಬ ಮುಸಲ್ಮಾನ ವೈದ್ಯನನ್ನು ಭಾವಿಸಿಕೊಳ್ಳೋಣ. ಉಪವಾಸದಿಂದ ಅಪಾಯವುಳ್ಳ ರೋಗಿಗೆ, “ನೀನು ಉಣ್ಣು, ಇದರಲ್ಲಿ ಪಾಪವಿಲ್ಲ” ಎಂದು ಅವನು ಸಮಾಧಾನ ಹೇಳುವನು. ಆದರೆ ತನ್ನ ಮನೆಮಂದಿಯೆಲ್ಲ ಉಪವಾಸವಿರುವಾಗ ತಾನೊಬ್ಬನೇ ನೀರು ಕುಡಿಯಲು ನಾಚುವನು. ರಾತ್ರಿಯ ಸರದಿಯನ್ನು ಬಿಡಲು ಇನ್ನೂ ನಾಚುವನು. ನರಳುವವರನ್ನು ಬಿಟ್ಟು ವಿಶ್ರಮಿಸುವುದು ಸ್ವಾರ್ಥವಲ್ಲವೆ ಎಂಬುದು ಅವನ ಆಕ್ಷೇಪ. ಆಕ್ಷೇಪವು ಕ್ಷುಲ್ಲಕವಾದುದಲ್ಲ. ಆದರೆ ರಕ್ತದಲ್ಲಿ ಸಕ್ಕರೆಯು ತೀರ ಇಳಿದಾಗ ಕೈ ನಡುಗುತ್ತದೆ, ಬುದ್ಧಿಯು ಮಂಕಾಗುತ್ತದೆ. ಆಗ ತಪ್ಪಿದ ಔಷಧದ ಫಲವನ್ನು ಉಣ್ಣುವವನು ರೋಗಿಯೇ ಹೊರತು ವೈದ್ಯನಲ್ಲ. ರೋಗಿಯ ಪ್ರಾಣವೂ ಅವನಲ್ಲಿ ಇಟ್ಟ ಅಮಾನತೇ ಅಲ್ಲವೆ? ಒಂದು ಅಮಾನತನ್ನು ಕೆಡಿಸಿ ಇನ್ನೊಂದನ್ನು ಕಾಯುವುದು ಅಸಾಧ್ಯ.

ಆದುದರಿಂದ ಅಂತಹ ವೈದ್ಯನು ತನ್ನ ರೋಗವನ್ನು ಸಹೋದ್ಯೋಗಿಗಳಿಗೆ ತಿಳಿಸುವುದೂ, ಕೈಲಾಗದ ಕೆಲಸವನ್ನು ಬಿಟ್ಟುಕೊಡುವುದೂ, ಕಿರಿಯರಿಗೆ ಕಲಿಸುವುದು, ಸಲಹೆ ನೀಡುವುದು ಮೊದಲಾದ ಕಾರ್ಯಗಳಿಂದ ಅದನ್ನು ತುಂಬಿಕೊಡುವುದೂ ಯುಕ್ತ. ಇದರಲ್ಲಿ ನೋವಿಲ್ಲವೆಂದಲ್ಲ. ಬಿಟ್ಟುಕೊಟ್ಟ ಕೆಲಸವು ಅನ್ಯರ ಕೈಯಲ್ಲಿ ನಡೆಯುವುದನ್ನು ನೋಡಿ ಸಹಿಸುವುದು ದುಡಿದು ಬಳಲುವುದಕ್ಕಿಂತ ಕಷ್ಟ. ಆದರೂ ತ್ಯಾಗದ ವೇಷವನ್ನು ಧರಿಸಿ ಬಂದ ಅಹಂಕಾರವನ್ನು ಗುರುತಿಸಲು ಅವನಿಗೆ ಬೇರೆ ದಾರಿಯಿಲ್ಲ. ಬಡರೋಗಿಗೆ ತಾನೇ ಹೇಳಿದ ಸಮಾಧಾನವನ್ನು ಅವನು ಮೊದಲು ತಾನು ನಂಬಬೇಕು.