ಏನೂ ಆಗದಿದ್ದರೆ ಶ್ರೇಯ ಯಾರಿಗೆ?

ಹಿಮ ಬೀಳದ ಊರಿನಲ್ಲಿ ಕೂತು ಹಿಮ ಸರಿಸುವ ಲಾರಿಗಳ ಆರೋಗ್ಯದ ಲೆಕ್ಕ ಇಡುವುದು ನನ್ನ ಹೊಟ್ಟೆಪಾಡು. ಮನೆ ಹೈದರಾಬಾದಿನ ಸುಲ್ತಾನ್ ಬಜಾರಿನಲ್ಲಿ. ಲಾರಿಗಳು ಉತ್ತರ ಅಮೆರಿಕದ ಒಂದು ಊರಿನ ರಸ್ತೆ ಇಲಾಖೆಯವು. ಅವುಗಳ ಸರ್ವೀಸು, ಬಿಡಿಭಾಗಗಳ ದಾಖಲೆ ಇಡುವ ಸಾಫ್ಟ್‌ವೇರ್ ನಮ್ಮ ತಂಡದ ಜವಾಬ್ದಾರಿ.

ಈ ಲಾರಿಗಳಿಗೆ ಹಿಮಕ್ಕಿಂತ ದೊಡ್ಡ ಶತ್ರು ಉಪ್ಪು. ಮಂಜುಗಡ್ಡೆ ಕರಗಲೆಂದು ರಸ್ತೆಗೆ ಎರಚುವ ಉಪ್ಪು ಚಾಸಿಯನ್ನೂ ವೈರಿಂಗನ್ನೂ ತಿನ್ನುತ್ತದೆ. ಹಾಗಾಗಿ ಕೆಲಸ ಮುಗಿಸಿ ಬಂದ ಲಾರಿಯನ್ನು ತೊಳೆಯಬೇಕು. ರಸ್ತೆಗೆ ಉಜ್ಜಿ ಸವೆಯುವ ಅಲಗಿನ ಅಂಚನ್ನು ಸಕಾಲಕ್ಕೆ ಬದಲಿಸಬೇಕು. ಕೊರೆಯುವ ಚಳಿಗೆ ಬ್ಯಾಟರಿ ಸೊರಗುತ್ತದೆ. ಡೀಸೆಲ್‌ನೊಳಗಿನ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಹೈಡ್ರಾಲಿಕ್ ಪೈಪು ಬಿರಿದರೆ ಅಲಗು ಮೇಲೇಳುವುದಿಲ್ಲ. ಎಲ್ಲವನ್ನೂ ಸರಿಯಾಗಿ ಮಾಡಿದರೆ ಬೆಳಿಗ್ಗೆ ಆಂಬುಲೆನ್ಸು, ಶಾಲೆಯ ಬಸ್ಸು ಎಂದಿನಂತೆ ಓಡಾಡುತ್ತವೆ. ಅಷ್ಟೇ. ಅದು ಯಾರಿಗೂ ಸುದ್ದಿಯಲ್ಲ.

ಹೋದ ಚಳಿಗಾಲದ ಒಂದು ರಾತ್ರಿ ಅಲ್ಲಿ ಹಿಮ ಸುರಿಯುತ್ತಿದ್ದಾಗ ನಮ್ಮ ಸಾಫ್ಟ್‌ವೇರ್ ನಿಂತುಹೋಯಿತು. ಯಾವ ಲಾರಿ ಹೊರಡಲು ಸಿದ್ಧವಿದೆ ಎಂದು ವರ್ಕ್‌ಶಾಪಿನವರಿಗೆ ತಿಳಿಯದಾಯಿತು. ತಂಡದ ಒಬ್ಬ ಹುಡುಗ ಊಟ ಬಿಟ್ಟು ಕೂತು ಆರು ಗಂಟೆಯಲ್ಲಿ ಸರಿಪಡಿಸಿದ. ಆ ವರ್ಷದ ಪ್ರಶಸ್ತಿಗೆ ಅವನ ಹೆಸರನ್ನೇ ಬರೆದೆ. ಬೀದರಿನ ಸಹೋದ್ಯೋಗಿಯೊಬ್ಬಳ ರೇಟಿಂಗ್ ಮಾತ್ರ ಎಂದಿನಂತೆ 'ಸಾಧಾರಣ'. ಅವಳು ನೋಡಿಕೊಳ್ಳುವ ಭಾಗದಲ್ಲಿ ಮೂರು ವರ್ಷದಿಂದ ಏನೂ ಆಗಿರಲಿಲ್ಲ.

ಅವಳು ಜಗಳವಾಡಲಿಲ್ಲ. "ಸರ, ಏನೂ ಆಗಿಲ್ಲಂದ್ರ ನಾ ಏನೂ ಮಾಡಿಲ್ಲಂತ ಅರ್ಥ ಏನ್ರಿ?" ಎಂದಷ್ಟೇ ಕೇಳಿದಳು. ಆಮೇಲೆ ಹಳೆಯ ಮೇಲ್‌ಗಳನ್ನು ತೆರೆದು ನೋಡಿದೆ. ಆ ರಾತ್ರಿ ಕೈಕೊಟ್ಟ ಭಾಗ ಅವಳದಲ್ಲ. ಆದರೂ ಅದರ ದೋಷದ ಬಗ್ಗೆ ಅಕ್ಟೋಬರಿನಲ್ಲೇ ಅವಳು ಎಚ್ಚರಿಸಿದ್ದಳು. 'ಈಗ ಬೇಡ, ಮುಂದೆ ನೋಡೋಣ' ಎಂದು ಉತ್ತರಿಸಿದ್ದವನು ನಾನೇ.

ನಮ್ಮ ಬೀದಿಯಲ್ಲೂ ಇದೇ ನ್ಯಾಯ. ಮಳೆಗಾಲಕ್ಕೆ ಮುಂಚೆ ಕಾರ್ಮಿಕರು ಚರಂಡಿಯ ಹೂಳೆತ್ತಿ ಪಕ್ಕದಲ್ಲಿ ರಾಶಿ ಹಾಕುತ್ತಾರೆ. ನಾವು ಮೂಗು ಮುಚ್ಚಿಕೊಂಡು ಬೈಯುತ್ತೇವೆ. ಮಳೆ ಬಂದು ಅಂಗಡಿಗೆ ನೀರು ನುಗ್ಗದಿದ್ದಾಗ ಅವರನ್ನು ನೆನೆಯುವವರಿಲ್ಲ. ಇಲ್ಲಿಗೆ ಹತ್ತಿರದಲ್ಲೇ ಹರಿಯುವ ಮೂಸಿ 1908ರ ಸೆಪ್ಟೆಂಬರ್ 28ರಂದು ಉಕ್ಕಿ ಸಾವಿರಾರು ಜನರನ್ನು ಕೊಂದಿತು. ಆಮೇಲೆ ನಿಜಾಮ ಸರ್ಕಾರ ನಮ್ಮ ವಿಶ್ವೇಶ್ವರಯ್ಯನವರನ್ನು ಕರೆಸಿತು. ಅವರ ಸಲಹೆಯಂತೆ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಎದ್ದು ನಿಂತವು. ಕಟ್ಟಿಸಿದವರ ಹೆಸರು ನಮಗೆ ಗೊತ್ತು, ಗೊತ್ತಿರಲೇಬೇಕು. ಆದರೆ ಅಂದಿನಿಂದ ಇಂದಿನವರೆಗೆ ಆ ಅಣೆಕಟ್ಟುಗಳ ಗೇಟಿಗೆ ಗ್ರೀಸ್ ಹಚ್ಚಿದವರು ಯಾರು?

ಇದಕ್ಕೊಂದು ಆಕ್ಷೇಪವಿದೆ. ಏನೂ ಆಗದ್ದಕ್ಕೆಲ್ಲ ಶ್ರೇಯ ಹಂಚಿದರೆ ಸೋಮಾರಿಯೂ ಕೈಚಾಚುತ್ತಾನೆ. ಅದೃಷ್ಟ ಯಾವುದು, ಆರೈಕೆ ಯಾವುದು ಎಂದು ಗುರುತಿಸುವುದು ಹೇಗೆ? ನಾನೂ ಬಹುಕಾಲ ಈ ವಾದದ ಹಿಂದೆ ಅಡಗಿದ್ದೆ. ಆದರೆ ಆರೈಕೆ ಗುರುತು ಬಿಡುತ್ತದೆ. ತೊಳೆದ ದಿನಾಂಕ, ಬದಲಿಸಿದ ಪೈಪು, ಅಕ್ಟೋಬರಿನ ಆ ಮೇಲ್ ಎಲ್ಲವೂ ದಾಖಲೆಯಲ್ಲಿವೆ. ಅದೃಷ್ಟಕ್ಕೆ ಲಾಗ್‌ಬುಕ್ ಇರುವುದಿಲ್ಲ. ಕಣ್ಣಿಗೆ ಕಾಣದಿರುವುದು ಬೇರೆ, ನೋಡುವ ಗೊಡವೆಗೆ ಹೋಗದಿರುವುದು ಬೇರೆ. ನನ್ನದು ಎರಡನೆಯದು.

ಬೆಂಕಿ ಆರಿಸಿದವನನ್ನು ಹೊಗಳುವುದು ತಪ್ಪಲ್ಲ; ಆ ಹುಡುಗ ನಿಜಕ್ಕೂ ಕಷ್ಟಪಟ್ಟ. ಆದರೆ ಅವನನ್ನಷ್ಟೇ ಹೊಗಳುವ ಕಡೆ ಬೆಂಕಿ ಬೀಳದಂತೆ ನೋಡಿಕೊಳ್ಳಲು ಯಾರಿಗೆ ಮನಸ್ಸಾದೀತು? ನಾವು ಯಾರಿಗೆ ಚಪ್ಪಾಳೆ ತಟ್ಟುತ್ತೇವೋ ನಾಳೆ ಅಂಥವರೇ ಹೆಚ್ಚುತ್ತಾರೆ. ಹಾಗಾಗಿ ಇದು ಮೆಚ್ಚುಗೆಯ ಪ್ರಶ್ನೆಯಷ್ಟೇ ಅಲ್ಲ, ನ್ಯಾಯದ ಪ್ರಶ್ನೆ ಕೂಡ.

ರೇಟಿಂಗ್ ತಿದ್ದಲು ಬರೆದೆ, ಗಡುವು ಮುಗಿದಿತ್ತು. ತಂಡದ ಸಭೆಯಲ್ಲಿ ಅವಳ ಮೇಲನ್ನೂ ನನ್ನ ಉತ್ತರವನ್ನೂ ಎಲ್ಲರೆದುರು ಓದಿ, ತಪ್ಪು ನನ್ನದೆಂದು ಹೇಳಿದೆ. ಅವಳು ಸುಮ್ಮನೆ ತಲೆಯಾಡಿಸಿದಳು. ಈ ಅಕ್ಟೋಬರಿನಲ್ಲಿ ಅವಳಿಂದ ಮತ್ತೆ ಪಟ್ಟಿ ಬಂದಿದೆ, ಹದಿನಾಲ್ಕು ಅಂಶಗಳದ್ದು. ಈ ಸಲ ಒಂದೊಂದರ ಮುಂದೆಯೂ ದಿನಾಂಕ ಬರೆಯುತ್ತಿದ್ದೇನೆ.